ವಾರದ ತರಕಾರಿ ಚೀಲದಿಂದ ಅಡುಗೆ, ಬೇಕಿಂಗ್: ಮಲೆನಾಡಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಪೇಟೆಯಿಂದ ತರಕಾರಿ ತರುವಾಗ ಅಡುಗೆ ಮೊದಲೇ ತೀರ್ಮಾನವಾಗಿರುತ್ತದೆ. ಹುಳಿಗೆ ಇದು, ಪಲ್ಯಕ್ಕೆ ಅದು ಎಂದು ಲೆಕ್ಕ ಹಾಕಿಕೊಂಡೇ ಶಿವಮೊಗ್ಗದ ಗಾಂಧಿ ಬಜಾರಿಗೆ ಇಳಿಯುತ್ತೇವೆ. ಬೆಳೆಗಾರರಿಗೆ ಮುಂಗಡ ಕೊಟ್ಟು ವಾರಕ್ಕೊಮ್ಮೆ ತರಿಸಿಕೊಳ್ಳುವ ಚೀಲಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಆ ವಾರ ಗದ್ದೆ, ಹಿತ್ತಲು, ತೋಟ ಏನು ಕೊಟ್ಟಿತೋ ಅದು ಬರುತ್ತದೆ. ಆಷಾಢದಲ್ಲಿ ಕೆಸುವಿನ ಎಲೆ, ಕಳಲೆ. ಭಾದ್ರಪದದಲ್ಲಿ ತೋಳುದ್ದದ ಸೌತೆಕಾಯಿ. ಸಂಕ್ರಾಂತಿ ಹೊತ್ತಿಗೆ ಗೆಡ್ಡೆ ಗೆಣಸು. ಆಮೇಲೆ ಹಲಸು. ಒಂದೇ ತರಕಾರಿ ಎರಡು ಮೂರು ವಾರ ಸಾಲಾಗಿ ಬರುವುದೂ ಉಂಟು, ಮನೆಯವರು ಮುಖ ಮಾಡುವುದೂ ಉಂಟು.

ಈ ಚೀಲವನ್ನು ವ್ಯರ್ಥ ಮಾಡದೆ, ಬೇಸರವಿಲ್ಲದೆ ಉಣ್ಣಲು ನಾನು ಹಿಡಿದಿರುವ ದಾರಿ ಒಂದೇ: ತರಕಾರಿಯೊಳಗೆ ನೀರು ಎಷ್ಟಿದೆ ಎಂದು ನೋಡುವುದು. ಯಾವುದು ಬೇಗ ಕೊಳೆಯುತ್ತದೆ, ಯಾವುದು ತಿಂಗಳು ಕಾಯುತ್ತದೆ, ದೋಸೆ ಹಿಟ್ಟಿಗೆ ನೀರು ಹಾಕಬೇಕೋ ಬೇಡವೋ, ಕೇಕು ಒಳಗೆ ಹಸಿಯಾಗಿ ಯಾಕೆ ಉಳಿಯಿತು, ಇಷ್ಟಕ್ಕೂ ಉತ್ತರ ಅಲ್ಲೇ ಇದೆ.

ಮೊದಲು ಬೆಳೆಗಾರರ ಜೊತೆ ಮಾತಾಡಿ

ಹಂಗಾಮಿನ ಮೊದಲೇ ದುಡ್ಡು ಕೊಟ್ಟು ಬೆಳೆಯಲ್ಲಿ ಪಾಲು ಪಡೆಯುವ ಪದ್ಧತಿ ಜಪಾನಿನಲ್ಲಿ 1970ರ ದಶಕದಲ್ಲಿ 'ತೇಕೇ' ಎಂಬ ಹೆಸರಲ್ಲಿ ಬೆಳೆಯಿತು. ಅಮೆರಿಕದ ಮ್ಯಾಸಚೂಸೆಟ್ಸ್ ಮತ್ತು ನ್ಯೂ ಹ್ಯಾಂಪ್‌ಶೈರ್ ರಾಜ್ಯಗಳಲ್ಲಿ 1986ರಲ್ಲಿ ಶುರುವಾಯಿತು. ಅಲ್ಲಿಯೂ ಇಲ್ಲಿಯೂ ತಿರುಳು ಒಂದೇ. ಬೆಳೆ ಹೆಚ್ಚಾದರೆ ಚೀಲ ತುಂಬುತ್ತದೆ, ಮಳೆ ಹೊಡೆದರೆ ಚೀಲ ಬರಿದಾಗುತ್ತದೆ, ಎರಡರಲ್ಲೂ ನಾವು ಬೆಳೆಗಾರರ ಜೊತೆಗಿರುತ್ತೇವೆ. ಇದನ್ನು ಒಪ್ಪದವರು ಪೇಟೆಯಲ್ಲೇ ಕೊಳ್ಳುವುದು ಇಬ್ಬರಿಗೂ ಒಳ್ಳೆಯದು.

ಮಾತಾಡುವಾಗ ಕೇಳಿಕೊಳ್ಳಬೇಕಾದವು: ಯಾವ ತಿಂಗಳಲ್ಲಿ ಏನೇನು ಬರಬಹುದು, ಚೀಲ ಯಾವ ದಿನ ಸಿಗುತ್ತದೆ, ಯಾರು ತಂದುಕೊಡುತ್ತಾರೆ. ಹೊಸನಗರ, ತೀರ್ಥಹಳ್ಳಿ, ಸಾಗರ ಕಡೆಯಿಂದ ಪೇಟೆಗೆ ಬಸ್ಸಿಗೆ ಹಾಕಿ ಕಳಿಸುವುದು ನಮ್ಮಲ್ಲಿ ಹಳೆಯ ರೂಢಿ. ಹಾಗಾದರೆ ಬಸ್ಸಿನ ಹೊತ್ತು ತಿಳಿದಿರಲಿ, ಜೋರು ಮಳೆಯಲ್ಲಿ ರಸ್ತೆ ಬಂದಾದರೆ ಏನು ಮಾಡುವುದೆಂದೂ ಮೊದಲೇ ಮಾತಾಗಲಿ. ಸೊಪ್ಪನ್ನು ತೊಳೆಯದೆ ಕಳಿಸಲು ಹೇಳಿ. ಮಣ್ಣಿದ್ದರೆ ಇರಲಿ, ಒದ್ದೆ ಇರುವುದು ಬೇಡ. ಮನೆಯಲ್ಲಿ ಇಬ್ಬರೇ ಇದ್ದರೆ ಪಕ್ಕದ ಮನೆಯವರ ಜೊತೆ ಒಂದು ಚೀಲ ಹಂಚಿಕೊಳ್ಳಿ.

ಚೀಲ ಬಿಚ್ಚಿದ ಮೊದಲ ಅರ್ಧ ಗಂಟೆ

ಇಡೀ ವಾರದ ಅಡುಗೆ ಈ ಅರ್ಧ ಗಂಟೆಯಲ್ಲಿ ತೀರ್ಮಾನವಾಗುತ್ತದೆ. ಚೀಲ ಬಂದ ಕೂಡಲೇ ನೆಲದ ಮೇಲೆ ಹಳೇ ಪಂಚೆ ಹಾಸಿ ಎಲ್ಲವನ್ನೂ ಸುರಿಯಿರಿ. ಕಟ್ಟಿಟ್ಟ ಚೀಲವನ್ನು ಸಂಜೆವರೆಗೆ ಮೂಲೆಯಲ್ಲಿ ಬಿಟ್ಟರೆ ಸೊಪ್ಪು ಬೆವೆತು, ಮಾರನೇ ದಿನಕ್ಕೇ ಲೋಳೆಯಾಗುತ್ತದೆ.

ಮೂರು ಗುಂಪು ಮಾಡಿ. ಮೊದಲನೆಯದು ಎರಡು ದಿನದೊಳಗೆ ಮುಗಿಯಬೇಕಾದ್ದು: ಹರಿವೆ, ಒಂದೆಲಗ, ಕೆಸುವಿನ ಎಲೆ, ಬಾಳೆಹೂ, ಎಳೇ ಬೆಂಡೆ. ಎರಡನೆಯದು ವಾರದ ಮಧ್ಯದವರೆಗೆ ತಾಳುವಂಥದ್ದು: ಹೀರೇಕಾಯಿ, ಪಡುವಲ, ಹಾಗಲ, ಅಲಸಂದೆ, ಬಸಳೆ, ಬಾಳೆದಿಂಡು. ಮೂರನೆಯದು ಕಾಯುವಂಥದ್ದು: ಬೆಳೆದ ಸೌತೆಕಾಯಿ, ಸಿಹಿಗುಂಬಳ, ಬೂದುಗುಂಬಳ, ಸುವರ್ಣಗೆಡ್ಡೆ, ಗೆಣಸು. ಅಡುಗೆಯೂ ಇದೇ ಸಾಲಿನಲ್ಲಿ ನಡೆಯಲಿ. ಕುಂಬಳಕಾಯಿ ಕಣ್ಣಿಗೆ ದೊಡ್ಡದಾಗಿ ಕಂಡಿತೆಂದು ಅದನ್ನೇ ಮೊದಲು ಹೆಚ್ಚಿದರೆ ಅತ್ತ ಹರಿವೆ ಬಾಡುತ್ತದೆ.

ಸೊಪ್ಪಿನಲ್ಲಿ ಹಳದಿ ಎಲೆ, ಕೊಳೆತ ದಂಟು ಆರಿಸಿ ತೆಗೆದು, ಒಣ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಫ್ರಿಜ್ಜಿನ ಕೆಳಗಿನ ಡಬ್ಬದಲ್ಲಿಡಿ. ಫ್ರಿಜ್ಜಿಲ್ಲದಿದ್ದರೆ ಬಾಳೆಎಲೆಯಲ್ಲಿ ಸುತ್ತಿ ತಂಪು ಮೂಲೆಯಲ್ಲಿಟ್ಟರೂ ಒಂದು ದಿನ ಧಾರಾಳವಾಗಿ ತಡೆಯುತ್ತದೆ. ಗೆಣಸು, ಬಾಳೆಹಣ್ಣುಗಳನ್ನು ಫ್ರಿಜ್ಜಿಗೆ ಹಾಕಲೇಬೇಡಿ. ಚಳಿಗೆ ಗೆಣಸಿನ ನಡುಭಾಗ ಬೇಯದ ಗಟ್ಟಿಯಾಗುತ್ತದೆ, ಬಾಳೆಹಣ್ಣಿನ ಸಿಪ್ಪೆ ಕಪ್ಪಾಗುತ್ತದೆ. ಗೆಡ್ಡೆಗಳ ಮಣ್ಣನ್ನು ಕೈಯಿಂದ ಉದುರಿಸಿದರೆ ಸಾಕು, ತೊಳೆಯುವುದು ಹೆಚ್ಚುವ ದಿನ.

ಸೌತೆ, ಕುಂಬಳಗಳನ್ನು ಮಲೆನಾಡಿನ ಹಳೇ ಮನೆಗಳಲ್ಲಿ ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಜಂತೆಗೆ ತೂಗುಹಾಕುತ್ತಿದ್ದರು. ಪೇಟೆಯ ಆರ್‌ಸಿಸಿ ಮನೆಯಲ್ಲೂ ಕಿಟಕಿ ಸರಳಿಗೆ ಹಗ್ಗ ಕಟ್ಟಿ ಇದನ್ನು ಮಾಡಬಹುದು. ಕಾಯಿ ನೆಲಕ್ಕೆ ತಾಗಿದ ಜಾಗದಲ್ಲಿ ತೇವ ನಿಂತು ಅಲ್ಲಿಂದಲೇ ಕೊಳೆ ಶುರುವಾಗುತ್ತದೆ. ತೂಗಿದ ಕಾಯಿಗೆ ಸುತ್ತಲೂ ಗಾಳಿ ಆಡುತ್ತದೆ. ತೊಟ್ಟು ಮುರಿಯದ, ಸಿಪ್ಪೆ ಗಾಯವಾಗದ ಕಾಯಿಗಳನ್ನಷ್ಟೇ ತೂಗಿ, ಉಳಿದವನ್ನು ಮೊದಲು ಬಳಸಿ. ನಮಗೆ ಚೀಲ ಕಳಿಸುವ ಮನೆಯಾಕೆ ಫೋನು ಮಾಡಿ, "ಅಕ್ಕಾ, ಈ ವಾರನೂ ಸೌತೆನೇ. ಬಳ್ಳಿ ತುಂಬ ಬಿಟ್ಟಿದೆ, ಏನ್ ಮಾಡ್ಲಿ?" ಎಂದು ಸಂಕೋಚಪಟ್ಟರೆ ನಾನು ಹೇಳುವುದು, "ಕಳ್ಸು ಮಾರಾಯ್ತಿ, ಕಟ್ಟಿ ಹಾಕಿದ್ರೆ ದೀಪಾವಳಿವರೆಗೂ ಇರುತ್ತೆ."

ಇನ್ನೊಂದು ಕಡ್ಡಾಯ ಕೆಲಸ: ಸೋರೆಕಾಯಿ, ಸೌತೆಕಾಯಿ, ಹೀರೇಕಾಯಿಗಳನ್ನು ಹೆಚ್ಚುವ ಮೊದಲು ಒಂದು ಚೂರು ನಾಲಿಗೆಗೆ ತಾಗಿಸಿ ನೋಡಿ. ಕಹಿ ಇದ್ದರೆ ಉಗಿದು, ಇಡೀ ಕಾಯಿಯನ್ನು ಗೊಬ್ಬರದ ಗುಂಡಿಗೆ ಹಾಕಿ. ಈ ಕಹಿ ಬೇಯಿಸಿದರೂ ಹೋಗುವುದಿಲ್ಲ, ಹೊಟ್ಟೆಗೆ ಹೋದರೆ ವಾಂತಿ, ಭೇದಿ ತರಬಲ್ಲದು. ಹುಳಿ, ಬೆಲ್ಲ ಹಾಕಿ ಮರೆಸುವ ಪ್ರಯತ್ನ ಬೇಡ.

ಮಳೆಗಾಲ: ಎಲೆ, ಕಳಲೆ, ತಂಬುಳಿ

ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳು ಹಿಡಿದ ಮೇಲೆ ಚೀಲದಲ್ಲಿ ಕಾಯಿಗಿಂತ ಎಲೆಯೇ ಹೆಚ್ಚು. ಒಂದೆಲಗ, ದೊಡ್ಡಪತ್ರೆ, ಹರಿವೆ ಯಾವುದು ಬಂದರೂ ಮೊದಲ ದಿನದ ಅಡುಗೆ ತಂಬುಳಿ. ಒಂದು ಹಿಡಿ ಎಲೆಯನ್ನು ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ. ಆರಿದ ಮೇಲೆ ಮೂರು ಚಮಚ ತೆಂಗಿನತುರಿ ಸೇರಿಸಿ ನುಣ್ಣಗೆ ರುಬ್ಬಿ, ಒಂದು ದೊಡ್ಡ ಲೋಟ ಮಜ್ಜಿಗೆ ಬೆರೆಸಿ, ಉಪ್ಪು ಹಾಕಿ, ಸಾಸಿವೆ ಒಗ್ಗರಣೆ ಕೊಡಿ. ಒಂದೆಲಗವನ್ನು ಹಸಿಯಾಗಿಯೇ ರುಬ್ಬಿದರೂ ಚೆಂದ. ಮಜ್ಜಿಗೆ ಬಿದ್ದ ಮೇಲೆ ಒಲೆಯ ಮೇಲಿಡಬಾರದು, ಒಡೆಯುತ್ತದೆ.

ಕೆಸುವಿನ ಎಲೆ ಬಂದ ವಾರ ಪತ್ರೊಡೆ. ಎಳೇ ಕರಿಕೆಸುವೋ ಮರಕೆಸುವೋ ಸಿಕ್ಕರೆ ಅದೃಷ್ಟ. ಹನ್ನೆರಡರಿಂದ ಹದಿನೈದು ಎಲೆಗೆ ಅಳತೆ ಇದು. ಎರಡು ಕಪ್ ಅಕ್ಕಿ, ಕಾಲು ಕಪ್ ಕಡಲೆಬೇಳೆಯನ್ನು ಮೂರು ನಾಲ್ಕು ಗಂಟೆ ನೆನೆಸಿಡಿ. ಎಂಟು ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಜೀರಿಗೆ ಹುರಿದು, ಒಂದು ಕಪ್ ತೆಂಗಿನತುರಿ, ದೊಡ್ಡ ನಿಂಬೆಗಾತ್ರದ ಹುಣಸೆಹಣ್ಣು, ಎರಡು ಚಮಚ ಬೆಲ್ಲ, ಅರಿಶಿನ, ಇಂಗು, ಉಪ್ಪಿನ ಜೊತೆ ರುಬ್ಬಿ. ಅದಕ್ಕೆ ಅಕ್ಕಿ ಸೇರಿಸಿ ಸಣ್ಣ ತರಿಯಾಗಿ, ಗಟ್ಟಿಯಾಗಿ ತೆಗೆಯಿರಿ. ಹಿಟ್ಟು ಎಲೆಯ ಮೇಲೆ ಹರಿಯಬಾರದು, ಬೆರಳಿನಿಂದ ಸವರಿದರೆ ನಿಲ್ಲಬೇಕು.

ಎಲೆಯ ಬೆನ್ನಿನ ದಪ್ಪ ನಾರನ್ನು ಕತ್ತಿಯಿಂದ ಸವರಿ ತೆಗೆಯಿರಿ. ಬೆನ್ನು ಮೇಲಾಗಿ ಎಲೆ ಹಾಸಿ, ಹಿಟ್ಟು ಸವರಿ, ತುದಿ ಎದುರುಬದುರಾಗಿ ಇನ್ನೊಂದು ಎಲೆ ಇಡಿ. ಹೀಗೆ ನಾಲ್ಕೈದು ಎಲೆ ಆದ ಮೇಲೆ ಎರಡೂ ಅಂಚು ಒಳಗೆ ಮಡಚಿ ಬಿಗಿಯಾಗಿ ಸುರುಳಿ ಸುತ್ತಿ, ನಲವತ್ತು ನಿಮಿಷ ಹಬೆಯಲ್ಲಿ ಬೇಯಿಸಿ. ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ, ಗಂಟಲು ತುರಿಸುವುದು ಅವುಗಳಿಂದ. ಹುಣಸೆಯ ಹುಳಿ ಮತ್ತು ಪೂರಾ ಬೇಯುವುದು ಎರಡೂ ಸೇರಿ ತುರಿಕೆ ಇಳಿಯುತ್ತದೆ. ಹಾಗಾಗಿ ಹುಳಿ ಕಡಿಮೆ ಮಾಡಬೇಡಿ, ಅವಸರದಲ್ಲಿ ಹಬೆಯಿಂದ ಇಳಿಸಬೇಡಿ. ಆರಿದ ಸುರುಳಿಯನ್ನು ಬಿಲ್ಲೆ ಮಾಡಿ ಕಾವಲಿಯಲ್ಲಿ ಕಾಯಿಸುವುದು ರೂಢಿ. ಓವನ್ ಇರುವವರು ಎಣ್ಣೆ ಸವರಿ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹದಿನೈದು ನಿಮಿಷ ಇಟ್ಟು ನೋಡಿ, ಒಮ್ಮೆ ಮಗುಚಿದರೆ ಎರಡೂ ಬದಿ ಗರಿಯಾಗುತ್ತದೆ. ಹತ್ತು ಜನ ನೆಂಟರು ಕೂತಾಗ ಕಾವಲಿ ಮುಂದೆ ನಿಲ್ಲುವ ಕೆಲಸ ತಪ್ಪುತ್ತದೆ.

ಕಳಲೆಯ ವಿಷಯದಲ್ಲಿ ಹಿರಿಯರ ಕ್ರಮವನ್ನು ಒಂದಿಷ್ಟೂ ಬಿಡಬೇಡಿ. ಹಸಿ ಬಿದಿರಿನ ಮೊಳಕೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶ ಇದೆ. ಹೊರಸಿಪ್ಪೆ ಬಿಡಿಸಿ, ತೆಳುವಾಗಿ ಹೆಚ್ಚಿ, ಮೂರು ದಿನ ನೀರಲ್ಲಿ ನೆನೆಸಿ, ದಿನಾ ನೀರು ಚೆಲ್ಲಿ ಹೊಸ ನೀರು ಹಾಕಿ. ಕೊನೆಗೆ ಕುದಿಸಿ ಆ ನೀರನ್ನೂ ಚೆಲ್ಲಿ. ಆಮೇಲೆ ಹುರುಳಿಕಾಳಿನ ಜೊತೆ ಹುಳಿಯೋ ಪಲ್ಯವೋ ನಿಮ್ಮಿಷ್ಟ. ಪೇಟೆಯ ಹೊಸ ಮನೆಗಳಿಗೆ ಕಳಲೆ ಕಳಿಸುವ ಬೆಳೆಗಾರರು ಈ ಮಾತನ್ನು ಚೀಟಿಯಲ್ಲಿ ಬರೆದು ಹಾಕಿದರೆ ಒಳ್ಳೆಯದು.

ಒಂದು ಸೌತೆಕಾಯಿ, ನಾಲ್ಕು ಅಡುಗೆ

ಚೀಲದ ಅಡುಗೆ ಕಲಿಯುವವರಿಗೆ ನಾನು ಮೊದಲು ಕೈಗೆ ಕೊಡುವುದು ಮಲೆನಾಡಿನ ದಪ್ಪ ಸೌತೆಕಾಯಿ. ಇದರ ನೂರು ಪಾಲಿನಲ್ಲಿ ತೊಂಬತ್ತೈದರಷ್ಟು ನೀರು. ಆ ನೀರನ್ನು ಚೆಲ್ಲದೆ ಅಡುಗೆಗೆ ಬಳಸಲು ಕಲಿತರೆ ಬಾಕಿ ಎಲ್ಲ ತರಕಾರಿಯೂ ಸುಲಭ.

ಹಳದಿ ತಿರುಗಿದ ಬೆಳೆದ ಕಾಯಿಯನ್ನು ಉದ್ದಕ್ಕೆ ಸೀಳಿ. ಒಳಗಿನ ಬೀಜದ ತಿರುಳನ್ನು ಚಮಚದಲ್ಲಿ ಕೆರೆದು ಬಟ್ಟಲಿಗೆ ಹಾಕಿ, ಕೈಯಿಂದ ಹಿಸುಕಿ ಜಾಲರಿಯಲ್ಲಿ ಸೋಸಿ. ಆ ಹುಳಿಸಿಹಿ ರಸಕ್ಕೆ ಮಜ್ಜಿಗೆ, ಉಪ್ಪು, ಹಸಿಮೆಣಸು, ಸಾಸಿವೆ ಒಗ್ಗರಣೆ ಸೇರಿದರೆ ತಂಬುಳಿ. ಜಾಲರಿಯಲ್ಲಿ ಉಳಿದ ದಪ್ಪ ಬೀಜಗಳನ್ನು ತೊಳೆದು, ಬೂದಿಯಲ್ಲಿ ಹೊರಳಿಸಿ ಒಣಗಿಸಿಡಿ, ಬೆಳೆಗಾರರ ಕೈಗೇ ವಾಪಸು ಕೊಡಬಹುದು.

ಸಿಪ್ಪೆ ತೆಗೆದ ಕಾಯಿಯ ಅರ್ಧಭಾಗ ದೋಸೆಗೆ. ಜೋರು ಮಳೆಯ ಚಳಿಯಲ್ಲಿ ಉದ್ದಿನ ಹಿಟ್ಟು ಬೆಳಗಾದರೂ ಉಬ್ಬುವುದಿಲ್ಲ. ಸೌತೆಕಾಯಿ ದೋಸೆಗೆ ಹುಳಿ ಬರುವ ಗೊಡವೆಯೇ ಇಲ್ಲ. ಎರಡು ಕಪ್ ಅಕ್ಕಿ ನಾಲ್ಕೈದು ಗಂಟೆ ನೆನೆಸಿ ನೀರು ಬಸಿದು, ಎರಡು ಕಪ್ ಸೌತೆ ಹೋಳು, ಅರ್ಧ ಕಪ್ ತೆಂಗಿನತುರಿ, ಉಪ್ಪು ಸೇರಿಸಿ ರುಬ್ಬಿ. ಮಿಕ್ಸಿಗೆ ಮೊದಲು ಸೌತೆ ಹಾಕಿ, ಅದು ರಸವಾದ ಮೇಲೆ ಅಕ್ಕಿ. ಬೇರೆ ನೀರು ಬೇಡವೇ ಬೇಡ. ತಕ್ಷಣ ಹುಯ್ದು, ಮುಚ್ಚಿ ಬೇಯಿಸಿ. ಪಾಕದಂತೆ ನೀರಾಗಿರುವ ಜೋನಿಬೆಲ್ಲ, ತುಪ್ಪದ ಜೊತೆ ಬಿಸಿಬಿಸಿ ತಿನ್ನಬೇಕು.

ಒಂದು ಹೋಳನ್ನು ಸಣ್ಣಗೆ ಹೆಚ್ಚಿ ತೆಂಗು, ಹಸಿಮೆಣಸು, ಸಾಸಿವೆ ಅರೆದು ಮೊಸರಿನಲ್ಲಿ ಕಲಸಿದರೆ 'ಸಾಸಿವೆ' ಎಂದೇ ಕರೆಯುವ ಅಡುಗೆ. ಇದನ್ನು ಎಲ್ಲರೂ ಬಲ್ಲರು.

ಉಳಿದದ್ದು ಸಿಹಿ ಕಡುಬಿಗೆ, ಭೂಮಿ ಹುಣ್ಣಿಮೆಗೆ ಗದ್ದೆಗೆ ಒಯ್ಯುವ ಬುತ್ತಿಯಲ್ಲೂ ಇರುವಂಥದ್ದು. ಎರಡು ಕಪ್ ಸೌತೆತುರಿಯನ್ನು ಅದರ ರಸದ ಸಮೇತ ಬೋಗುಣಿಗೆ ಹಾಕಿ, ಮುಕ್ಕಾಲು ಕಪ್ ಪುಡಿಬೆಲ್ಲ, ಚಿಟಿಕೆ ಉಪ್ಪು ಬೆರೆಸಿ ಹತ್ತು ನಿಮಿಷ ಬಿಡಿ. ಬೆಲ್ಲ, ಉಪ್ಪು ಸೇರಿ ತುರಿಯೊಳಗಿನ ನೀರನ್ನೆಲ್ಲ ಹೊರಗೆ ಎಳೆಯುತ್ತವೆ, ಬೋಗುಣಿಯ ತಳದಲ್ಲಿ ಕಂದು ರಸ ನಿಲ್ಲುವುದು ಕಾಣುತ್ತದೆ. ಒಂದು ಕಪ್ ಅಕ್ಕಿತರಿಯನ್ನು ಒಂದು ಚಮಚ ತುಪ್ಪದಲ್ಲಿ ಘಮ ಬರುವವರೆಗೆ ಹುರಿಯಿರಿ, ಬಣ್ಣ ಬದಲಾಗುವುದು ಬೇಡ. ಆರಿದ ತರಿ, ಅರ್ಧ ಕಪ್ ತೆಂಗಿನತುರಿ, ಏಲಕ್ಕಿಪುಡಿಯನ್ನು ರಸಕ್ಕೆ ಸೇರಿಸಿ ಇಪ್ಪತ್ತು ನಿಮಿಷ ನೆನೆಯಲು ಬಿಡಿ. ಈ ಹೊತ್ತಿನಲ್ಲಿ ತರಿ ನೀರನ್ನೆಲ್ಲ ಕುಡಿದು ಉಬ್ಬುತ್ತದೆ. ಚಮಚ ಓರೆ ಮಾಡಿದರೆ ಹಿಟ್ಟು ನಿಧಾನಕ್ಕೆ ಜಾರಬೇಕು. ಸುರಿಯುವಷ್ಟು ತೆಳ್ಳಗಿದ್ದರೆ ಎರಡು ಚಮಚ ತರಿ ಹೆಚ್ಚಿಸಿ, ಉಂಡೆ ಕಟ್ಟುವಷ್ಟು ಗಟ್ಟಿ ಇದ್ದರೆ ತೆಂಗಿನಹಾಲು ಚಿಮುಕಿಸಿ.

ಇದನ್ನು ಬಾಡಿಸಿದ ಬಾಳೆಎಲೆಯಲ್ಲೋ ಅರಿಶಿನ ಎಲೆಯಲ್ಲೋ ಮಡಚಿ ಅರ್ಧ ಗಂಟೆ ಹಬೆಯಲ್ಲಿಟ್ಟರೆ ಕಡುಬು. ಇದೇ ಹಿಟ್ಟನ್ನು ತುಪ್ಪ ಸವರಿ ಬಾಳೆಎಲೆ ಹಾಸಿದ ಕೇಕು ಡಬ್ಬಿಗೆ ಸುರಿದು, 180 ಡಿಗ್ರಿಯಲ್ಲಿ ನಲವತ್ತೈದರಿಂದ ಐವತ್ತು ನಿಮಿಷ ಬೇಯಿಸಿದರೆ ಅಂಚು ಕಂದಾಗಿ ಗರಿಯಾದ, ನಡುವೆ ಮೆತ್ತಗಿನ ಕೇಕು. ಮೊಟ್ಟೆ, ಮೈದಾ, ಸೋಡಾ ಯಾವುದೂ ಬೇಕಿಲ್ಲ. ಕೊಪ್ಪರಿಗೆಯ ಮುಚ್ಚಳದ ಮೇಲೆ ಕೆಂಡ, ಕೆಳಗೂ ಕೆಂಡ ಇಟ್ಟು ಬೇಯಿಸುತ್ತಿದ್ದ ಹಿಂದಿನವರ ಉಪಾಯವೂ ಬೇಕಿಂಗ್ ಆಗಿತ್ತು. ಓವನ್ನು ನಮ್ಮ ಅಡುಗೆಮನೆಗೆ ಪರಕೀಯ ಎಂದು ನನಗೆ ಅನ್ನಿಸದಿರುವುದು ಇದರಿಂದಲೇ. ಪೂರ್ತಿ ಆರಿದ ಮೇಲೆ ಕತ್ತರಿಸಿ. ಬಿಸಿಯಲ್ಲಿ ಕತ್ತಿ ಹಾಕಿದರೆ ಮುದ್ದೆಯಾಗುತ್ತದೆ.

ಬೇಕಿಂಗ್‌ಗೆ ಇಳಿಯುವ ಮೊದಲು ನೀರಿನ ಲೆಕ್ಕ

ಪೇಟೆಯ ಕೇಕು ಪುಸ್ತಕಗಳಲ್ಲಿ ಕ್ಯಾರೆಟ್ ಎಂದಿದ್ದಲ್ಲಿ ಸಿಹಿಗುಂಬಳ ಹಾಕಿದರೆ ಕೇಕು ಕೆಡುವುದು ಯಾಕೆಂದರೆ ಎರಡರ ನೀರು ಬೇರೆ, ಹೀರುವ ನಾರು ಬೇರೆ. ಸೌತೆಯಲ್ಲಿ ಶೇಕಡಾ 95, ಸಿಹಿಗುಂಬಳದಲ್ಲಿ 90ರ ಮೇಲೆ, ಕ್ಯಾರೆಟ್ ಮತ್ತು ಬೀಟ್‌ರೂಟ್‌ನಲ್ಲಿ 87-88, ಬಾಳೆಹಣ್ಣು, ಹಲಸಿನಹಣ್ಣು, ಗೆಣಸುಗಳಲ್ಲಿ 70ರಿಂದ 75ರ ಆಸುಪಾಸು ನೀರು. ಮಳೆ ನಿಂತ ಕೂಡಲೇ ಕೊಯ್ದದ್ದರಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಆದ್ದರಿಂದ ಒಂದು ತಕ್ಕಡಿ ಇಟ್ಟುಕೊಳ್ಳಿ. ಅಳತೆಗೆಂದು ನೂರು ಗ್ರಾಂ ತುರಿಯನ್ನು ಬಟ್ಟೆಯಲ್ಲಿ ಹಿಂಡಿ, ಬಂದ ರಸ ತೂಗಿ. ಕೇಕಿಗೆ ಹಿಂಡದ ತುರಿಯನ್ನೇ ಹಾಕಿ, ಪ್ರತಿ ನೂರು ಗ್ರಾಂ ತುರಿಗೆ ಅಷ್ಟು ರಸವನ್ನು ಹಾಲು, ಮೊಸರಿನ ಲೆಕ್ಕದಲ್ಲಿ ಕಳೆಯಿರಿ. ಅಳತೆಗೆ ಹಿಂಡಿದ ರಸ ಸಾರಿಗೆ ಹೋಗಲಿ.

ಹಣ್ಣಾಗಿ ಸಿಪ್ಪೆಗೆ ಕಪ್ಪುಚುಕ್ಕೆ ಬಂದ ಪುಟ್ಟಬಾಳೆಗೆ ಈ ಬ್ರೆಡ್ಡು. ಸಿಪ್ಪೆ ಸುಲಿದ ಹಣ್ಣು 250 ಗ್ರಾಂ ಕಿವುಚಿ, ಪುಡಿಬೆಲ್ಲ 120 ಗ್ರಾಂ, ಎಣ್ಣೆ 80 ಮಿಲಿ, ಮೊಸರು 100 ಗ್ರಾಂ ಬೆರೆಸಿ. ಇನ್ನೊಂದು ಬಟ್ಟಲಲ್ಲಿ ಗೋಧಿಹಿಟ್ಟು 200 ಗ್ರಾಂ, ಬೇಕಿಂಗ್ ಪೌಡರ್ ಒಂದು ಚಮಚ, ಅಡುಗೆ ಸೋಡಾ ಅರ್ಧ ಚಮಚ, ಚಿಟಿಕೆ ಉಪ್ಪು, ಏಲಕ್ಕಿ ಜರಡಿ ಹಿಡಿಯಿರಿ. ಎರಡನ್ನೂ ಸೇರಿಸಿ, ಒಣಹಿಟ್ಟು ಕಾಣದಷ್ಟು ಮಾತ್ರ ಕಲಸಿ. ಹೆಚ್ಚು ತಿರುವಿದರೆ ರಬ್ಬರಿನಂತಾಗುತ್ತದೆ. 180 ಡಿಗ್ರಿಗೆ ಮೊದಲೇ ಕಾದ ಓವನ್ನಿನಲ್ಲಿ 45ರಿಂದ 50 ನಿಮಿಷ. ಸೋಡಾ ಉಬ್ಬಲು ಹುಳಿ ಬೇಕು. ಪುಟ್ಟಬಾಳೆಯ ಹುಳಿಸಿಹಿ ಮತ್ತು ಮೊಸರು ಆ ಕೆಲಸ ಮಾಡುತ್ತವೆ. ಪುಡಿಬೆಲ್ಲದ ಬದಲು ಜೋನಿಬೆಲ್ಲ ಹಾಕುವುದಾದರೆ ಮೊಸರನ್ನು ಎರಡು ಚಮಚ ಕಡಿಮೆ ಮಾಡಿ, ಬಿಸಿಯನ್ನು 170ಕ್ಕೆ ಇಳಿಸಿ. ಜೋನಿ ಬೇಗ ಕಪ್ಪಾಗುತ್ತದೆ. ಮೇಲ್ಮೈ ಅತಿಯಾಗಿ ಕಂದಿದರೆ ಅಲ್ಯೂಮಿನಿಯಂ ಹಾಳೆ ಹೊದಿಸಿ.

ಸಿಹಿಗುಂಬಳದ ಬನ್ನು ನಮ್ಮ ಮನೆಯ ಮಕ್ಕಳ ಮೆಚ್ಚು. ಕುಂಬಳವನ್ನು ಹಬೆಯಲ್ಲಿ ಬೇಯಿಸಿ ನುರಿದು, ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ತಿರುವಿ ನೀರು ಆರಿಸಿ. ಸೌಟಿನಿಂದ ತಳ ಗೀರಿದರೆ ಗೆರೆ ಒಂದು ಕ್ಷಣ ಹಾಗೇ ನಿಲ್ಲಬೇಕು. ಈ ಗಟ್ಟಿ ಮುದ್ದೆ 150 ಗ್ರಾಂ. ಮೈದಾ 200 ಗ್ರಾಂ, ಗೋಧಿಹಿಟ್ಟು 100 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 5 ಗ್ರಾಂ, ಉಪ್ಪು 5 ಗ್ರಾಂ, ಪುಡಿಬೆಲ್ಲ 25 ಗ್ರಾಂ ಸೇರಿಸಿ, ಉಗುರುಬೆಚ್ಚಗಿನ ಹಾಲು 50 ಮಿಲಿಯಿಂದ ಶುರು ಮಾಡಿ. ಬೇಕೆನಿಸಿದರೆ ಮಾತ್ರ ಚಮಚ ಚಮಚವಾಗಿ ಹೆಚ್ಚಿಸಿ. ಹತ್ತು ನಿಮಿಷ ನಾದಿ, 25 ಗ್ರಾಂ ಬೆಣ್ಣೆ ಸೇರಿಸಿ ಮತ್ತೆ ಐದು ನಿಮಿಷ. ಬೇಸಿಗೆಯಲ್ಲಿ ಹಿಟ್ಟು ಒಂದು ಗಂಟೆಗೇ ಇಮ್ಮಡಿಯಾದರೆ ಮಳೆಗಾಲದಲ್ಲಿ ಎರಡು ಗಂಟೆ ಹಿಡಿಯಬಹುದು. ಗಡಿಯಾರ ಬಿಟ್ಟು ಹಿಟ್ಟು ನೋಡಿ: ಒದ್ದೆ ಬೆರಳಿನಿಂದ ಒತ್ತಿದ ಗುಳಿ ನಿಧಾನವಾಗಿ ಅರ್ಧ ತುಂಬಿ ನಿಂತರೆ ಹದ. ಎಂಟು ಉಂಡೆ ಮಾಡಿ, ಮತ್ತೆ ಮುಕ್ಕಾಲು ಗಂಟೆ ಉಬ್ಬಿಸಿ, ಹಾಲು ಸವರಿ, 190 ಡಿಗ್ರಿಯಲ್ಲಿ 22ರಿಂದ 25 ನಿಮಿಷ. ಕುಂಬಳದ ಬೀಜ ಹುರಿದು ಮೇಲೆ ಉದುರಿಸಿ.

ಬೀಟ್‌ರೂಟ್ ಕೇಕು ಕೆಂಪಾಗಿ ಉಳಿಯಬೇಕಾದರೆ ಸೋಡಾ ಬಿಡಿ, ಬೇಕಿಂಗ್ ಪೌಡರ್ ಮತ್ತು ನಿಂಬೆರಸ ಹಾಕಿ. ಕ್ಷಾರ ತಾಗಿದರೆ ಬೀಟ್‌ರೂಟಿನ ಬಣ್ಣ ಕಂದುಹಳದಿಗೆ ತಿರುಗುತ್ತದೆ.

ಓವನ್ ಇಲ್ಲದವರಿಗೆ ದಪ್ಪ ತಳದ ಕುಕ್ಕರೇ ಸಾಕು. ಗ್ಯಾಸ್ಕೆಟ್ ಮತ್ತು ವಿಶಲ್ ತೆಗೆಯಿರಿ, ತಳಕ್ಕೆ ಒಂದು ಪದರ ಕಲ್ಲುಪ್ಪು, ಮೇಲೊಂದು ಸ್ಟ್ಯಾಂಡು. ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ, ಡಬ್ಬಿ ಇಟ್ಟು ಮುಚ್ಚಿ, ಸಣ್ಣ ಉರಿಯಲ್ಲಿ ಐವತ್ತರಿಂದ ಅರವತ್ತು ನಿಮಿಷ. ಒಳಗೆ ನೀರು ಹಾಕಬಾರದು. ಮೇಲ್ಭಾಗ ಕಂದಾಗುವುದಿಲ್ಲ, ರುಚಿಗೆ ಕೊರತೆಯಿಲ್ಲ.

ಮಳೆಗಾಲದಲ್ಲಿ ಕರೆಂಟು ಹೋಗುವುದನ್ನು ಲೆಕ್ಕಕ್ಕೆ ಹಿಡಿದೇ ಬೇಕಿಂಗ್ ಶುರು ಮಾಡಬೇಕು. ಕೇಕು ಇಟ್ಟು ಅರ್ಧ ಗಂಟೆ ದಾಟಿದ್ದರೆ ಓವನ್ ಬಾಗಿಲು ತೆರೆಯಬೇಡಿ, ಒಳಗಿನ ಬಿಸಿಗೇ ಬಹುಪಾಲು ಬೇಯುತ್ತದೆ, ಕರೆಂಟು ಬಂದ ಮೇಲೆ ಬೇಕಾದಷ್ಟು ಮುಂದುವರಿಸಿ. ಹತ್ತು ಹದಿನೈದು ನಿಮಿಷದೊಳಗೇ ಹೋದರೆ ಕಾಯಬೇಡಿ. ಕುಕ್ಕರ್ ಕಾಯಿಸಿ ಡಬ್ಬಿಯನ್ನು ಅಲ್ಲಿಗೆ ವರ್ಗಾಯಿಸಿ. ಹಾಗಾಗಿ ಕುಕ್ಕರಿನೊಳಗೆ ಹಿಡಿಯುವ ಅಳತೆಯ ಡಬ್ಬಿಯನ್ನೇ ಕೊಳ್ಳುವುದು ಜಾಣತನ. ತೇವದ ದಿನಗಳಲ್ಲಿ ಕೇಕು ಎರಡನೇ ದಿನಕ್ಕೇ ಬೂಸ್ಟು ಹಿಡಿಯಬಹುದು. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು, ತಿನ್ನುವಾಗ ಕಾವಲಿಯ ಮೇಲೆ ಬೆಚ್ಚಗೆ ಮಾಡಿ.

ಚಳಿಗಾಲದ ಗೆಡ್ಡೆ

ಚಳಿ ಬಿದ್ದ ಮೇಲೆ ಅವರೆ, ಮೂಲಂಗಿ, ಎಲೆಕೋಸು, ಗೆಡ್ಡೆಗಳು. ಇವು ಕೆಡುವ ಅವಸರದಲ್ಲಿಲ್ಲ, ಅಡುಗೆಯವರಿಗೂ ನೆಮ್ಮದಿ. ಓವನ್ನಿಗೆ ಇದೇ ಸುಗ್ಗಿ. ಗೆಣಸನ್ನು ತೊಳೆದು ಒರೆಸಿ, ಫೋರ್ಕಿನಲ್ಲಿ ಚುಚ್ಚಿ, ಇಡಿಯಾಗಿ ತಣ್ಣಗಿನ ಓವನ್ನಿನಲ್ಲಿಟ್ಟು ಆಮೇಲೆ 200 ಡಿಗ್ರಿಗೆ ತಿರುಗಿಸಿ, ಸುಮಾರು ಒಂದು ಗಂಟೆ ಬಿಡಿ. ನಿಧಾನಕ್ಕೆ ಬಿಸಿಯೇರುವಾಗ ಗೆಣಸಿನ ಪಿಷ್ಟ ಸಕ್ಕರೆಯಾಗಿ ಬದಲಾಗಲು ಹೊತ್ತು ಸಿಗುತ್ತದೆ. ಒಲೆಯ ಬೂದಿಯಲ್ಲಿ ಹುಗಿದ ಗೆಣಸು ಕುಕ್ಕರಿನಲ್ಲಿ ಬೆಂದದ್ದಕ್ಕಿಂತ ಸಿಹಿಯಾಗುವುದು ಇದಕ್ಕೇ. ಉಳಿದರೆ ನುರಿದು ಏಲಕ್ಕಿ, ಬೆಲ್ಲ ಸೇರಿಸಿ ಹೋಳಿಗೆಯ ಹೂರಣ ಮಾಡಿ.

ಸುವರ್ಣಗೆಡ್ಡೆಯನ್ನು ಕೈಗೆ ಎಣ್ಣೆ ಸವರಿಕೊಂಡು ಹೆಚ್ಚಿ. ಹುಣಸೆನೀರು, ಅರಿಶಿನ, ಉಪ್ಪಿನಲ್ಲಿ ಪೂರಾ ಮೆತ್ತಗಾಗುವವರೆಗೆ ಬೇಯಿಸಿ, ನೀರು ಬಸಿದು, ಎಣ್ಣೆ, ಕಾಳುಮೆಣಸಿನ ಪುಡಿ ಸವರಿ 210 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಇಡಿ. ಸಂಜೆಯ ಕಾಫಿಗೆ ಕರಿದ ತಿಂಡಿ ಬೇಕೆನಿಸುವುದಿಲ್ಲ.

ಬೇಸಿಗೆ: ಹಲಸು ಮತ್ತು ಕೂಡಿಡುವ ಕೆಲಸ

ಗುಜ್ಜೆ, ಅಂದರೆ ಎಳೇ ಹಲಸು, ಪಲ್ಯಕ್ಕೆ, ಬೆಳೆದ ಕಾಯಿ ಹುಳಿಗೆ, ಹಪ್ಪಳಕ್ಕೆ. ಕೈಗೂ ಕತ್ತಿಗೂ ಧಾರಾಳವಾಗಿ ಎಣ್ಣೆ ಸವರಿಕೊಳ್ಳಿ, ಅಂಟನ್ನು ಮೊದಲು ಹಳೇ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಹೆಚ್ಚಾದ ಕಾಯಿತೊಳೆಯನ್ನು ಗಾಜಿನ ಭರಣಿಯಲ್ಲಿ ಪದರ ಪದರವಾಗಿ ಕಲ್ಲುಪ್ಪು ಹಾಕಿ, ಮೇಲೆ ಭಾರ ಇಟ್ಟು ಮುಚ್ಚಿದರೆ ಮಳೆಗಾಲಕ್ಕೆ ಆಗುತ್ತದೆ. ತೊಳೆ ಬಿಟ್ಟ ನೀರಿನಲ್ಲಿ ಅದು ಮುಳುಗಿರಬೇಕು, ಮೇಲೆ ತೇಲಿದ್ದು ಬೂಸ್ಟಾಗುತ್ತದೆ. ಬಳಸುವ ಮೊದಲು ನೀರು ಬದಲಿಸುತ್ತಾ ಉಪ್ಪು ಬಿಡಿಸಿ.

ಹಣ್ಣು ಬಂದಾಗ ಗಟ್ಟಿ ತೊಳೆಯ ಬಕ್ಕೆ ಹಲಸನ್ನು ಹಾಗೇ ತಿನ್ನಿ, ಮೆತ್ತಗಿನ ಅಂಬಲಿ ಹಲಸನ್ನು ಅಡುಗೆಗೆ ಇಡಿ. ಸೌತೆಯ ಕೇಕಿನ ಕ್ರಮವೇ ಇಲ್ಲಿಗೂ. ರಸ ಕಡಿಮೆ ಇರುವುದರಿಂದ ಎರಡು ಕಪ್ ತಿರುಳು, ಒಂದು ಕಪ್ ಹುರಿದ ಅಕ್ಕಿತರಿಗೆ ಅರ್ಧ ಕಪ್ ತೆಂಗಿನಹಾಲು ಸೇರಿಸಿ. ಹಣ್ಣೇ ಸಿಹಿ, ಆದ್ದರಿಂದ ಬೆಲ್ಲ ಕಾಲು ಕಪ್ ಸಾಕು. ಸಾಗುವಾನಿ ಎಲೆಯಲ್ಲಿ ಮಡಚಿ ಹಬೆಯಲ್ಲಿಟ್ಟರೆ ಕಡುಬಿಗೆ ಎಲೆಯ ಕೆಂಪು ಇಳಿಯುತ್ತದೆ. ಹಲಸಿನಬೀಜವನ್ನು ಒಣಗಿಸಿ ಮಣ್ಣು ಸವರಿ ಇಟ್ಟರೆ ತಿಂಗಳುಗಟ್ಟಲೆ ಸಾರು ಪಲ್ಯಕ್ಕೆ ಆಗುತ್ತದೆ.

ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಇರುವ ನಮ್ಮ ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿಗೆ ಬೇರೆಯೇ ಬರಹ ಬೇಕು. ಮುರುಗಲ (ಕೋಕಂ) ಹಣ್ಣಿನ ಸಿಪ್ಪೆಯನ್ನು ಉಪ್ಪು ಬೆರೆಸಿ ಬಿಸಿಲಿಗೆ ಒಣಗಿಸಿ ಭರಣಿಗೆ ತುಂಬಿಡಿ, ಮಳೆ ಶುರುವಾಗುವ ಮೊದಲು ಈ ಕೆಲಸ ಮುಗಿಯಬೇಕು.

ಬಿತ್ತನೆಗೆ ಮೊದಲು ಬೆಳೆಗಾರರಿಗೆ ತಿಳಿಸಬೇಕಾದ್ದು

ಅಡುಗೆಮನೆಯ ಗೋಡೆಗೆ ಒಂದು ನೋಟುಬುಕ್ಕು ತೂಗುಹಾಕಿ. ಪ್ರತಿ ವಾರ ಚೀಲದಲ್ಲಿ ಏನು ಬಂತು, ಏನು ಉಳಿಯಿತು, ಯಾವುದು ಮನೆಯವರಿಗೆ ಸಾಲಲಿಲ್ಲ ಎಂದು ಎರಡು ಸಾಲು ಬರೆಯಿರಿ. ಮಳೆಗಾಲದ ಬಿತ್ತನೆಗೆ ಮೊದಲು, ಅಂದರೆ ವೈಶಾಖದಲ್ಲಿ ಒಮ್ಮೆ, ಚಳಿಗಾಲದ ತರಕಾರಿಗೆ ಪಾತಿ ಮಾಡುವ ಮೊದಲು ಇನ್ನೊಮ್ಮೆ, ಇದನ್ನು ಬೆಳೆಗಾರರಿಗೆ ಓದಿ ಹೇಳಿ. ಹರಿವೆ ಸಾಕು, ಅಲಸಂದೆ ಇನ್ನೆರಡು ಸಾಲು ಹಾಕಿ, ಸಿಹಿಗುಂಬಳ ಸಣ್ಣ ಜಾತಿಯದ್ದಾದರೆ ಒಂದೇ ದಿನಕ್ಕೆ ಮುಗಿಯುತ್ತದೆ, ಹೀಗೆ. ಅವರ ಕಷ್ಟವನ್ನೂ ಕೇಳಿ: ಮಂಗ, ಕಾಡುಹಂದಿ ಯಾವ ಬೆಳೆ ಬಿಡುತ್ತಿಲ್ಲ, ಯಾವ ಬೀಜ ಈ ಮಣ್ಣಿಗೆ ಒಗ್ಗಿತು. ಒಣಗಿಸಿಟ್ಟ ಸೌತೆಬೀಜದ ಪೊಟ್ಟಣ, ತೊಳೆದು ಮಡಚಿದ ಖಾಲಿ ಚೀಲ, ಮುಂದಿನ ಹಂಗಾಮಿನ ಮುಂಗಡ, ಮೂರನ್ನೂ ಅದೇ ಭೇಟಿಯಲ್ಲಿ ಕೊಟ್ಟುಬಿಡಿ.